ಗೂಡಿಗೆ ಬಾರದ ಗೋಮಯ

ನನ್ನ ಹಣೆಯ ಮೇಲೆ ಮೊದಲ ಸಲ ಭಸ್ಮವಿಟ್ಟ ಗುರುವಿನ ಬೆರಳುಗಳಿಗೆ ನಮಸ್ಕಾರ. ಆ ಭಸ್ಮ ಬೆಂಕಿಯಿಂದ ಬಂದಿತ್ತು, ಬೆಂಕಿ ಬೆರಣಿಯನ್ನು ಆಶ್ರಯಿಸಿತ್ತು, ಬೆರಣಿಯ ಮೂಲ ಹುಲ್ಲಿನಲ್ಲಿತ್ತು. ಆ ಹುಲ್ಲನ್ನು ಹೊತ್ತ ಅಜ್ಜಂಪುರದ ಕಪ್ಪು ನೆಲಕ್ಕೂ, ಅದನ್ನು ಮೇದು ಮೆಲುಕು ಹಾಕಿದ ಗೋಮಾತೆಗೂ, ಮುಂಜಾನೆಯ ಚಳಿಯಲ್ಲಿ ಕೊಟ್ಟಿಗೆಯೊಳಗೆ ಸಗಣಿ ನೆಲಕ್ಕೆ ಬೀಳದಂತೆ ಬೊಗಸೆಯೊಡ್ಡಿ ನಿಂತ ತಾಯಂದಿರಿಗೂ ನಾನು ಋಣಿ. ಅನ್ನ ಕೊಟ್ಟವರನ್ನು ಲೋಕ ನೆನೆಯುತ್ತದೆ. ಸಗಣಿ ಕೊಟ್ಟವರನ್ನು ನೆನೆಯುವವರು ಕಡಿಮೆ. ನಮ್ಮ ಮನೆಯ ಅನ್ನವೂ ಅದರಿಂದಲೇ ಬಂದಿತಾದ್ದರಿಂದ, ಒಂದು ಮಾತನ್ನೂ ಹೇಳುವ ಮುನ್ನ ಅವರೆಲ್ಲರನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಂಡು ಕೈ ಮುಗಿಯುತ್ತೇನೆ.

ನಮ್ಮದು ವಿಭೂತಿ ಮಾಡುವ ಮನೆ. ಅಜ್ಜಂಪುರದ ರೈಲು ನಿಲ್ದಾಣದಿಂದ ಊರೊಳಕ್ಕೆ ಬರುವ ದಾರಿಯಲ್ಲಿ ನಮ್ಮ ಹಿತ್ತಲಿತ್ತು. ಹಿತ್ತಲಲ್ಲಿ ಮಣ್ಣಿನ ದುಂಡು ಗೂಡು, ಅದರ ಪಕ್ಕದಲ್ಲಿ ಬೂದಿಯನ್ನು ನೀರಿನಲ್ಲಿ ತಿಳಿಯಾಗಿಸುವ ಕಲ್ಲಿನ ತೊಟ್ಟಿಗಳು, ಅದರಾಚೆ ಗಟ್ಟಿಗಳನ್ನು ಒಣಗಿಸುವ ನೆರಳಿನ ಚಪ್ಪರ. ತಂದೆಯವರು ಶಿವೈಕ್ಯರಾದ ಮೇಲೆ ಈ ಕಾರ್ಯವನ್ನು ನನ್ನ ಅಣ್ಣ ವಹಿಸಿಕೊಂಡ. ನಾನು ನಮ್ಮ ವಿಭೂತಿ ಸಲ್ಲುತ್ತಿದ್ದ ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಕಡೂರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾದೆ. ಶನಿವಾರದ ಬೆಳಗಿನ ಶಾಲೆ ಮುಗಿಸಿ, ಬೀರೂರಿನಲ್ಲಿ ಗಾಡಿ ಬದಲಾಯಿಸಿ, ಸಂಜೆಗೆ ಅಣ್ಣನ ಮನೆ ಸೇರುವುದು ನನ್ನ ವಾಡಿಕೆ. ಆದ್ದರಿಂದ ಈ ಕಥೆಯಲ್ಲಿ ದುಡಿದವನು ಅವನು. ನಾನು ವಾರಕ್ಕೊಮ್ಮೆ ಬಂದು ನೋಡಿದವನು ಮಾತ್ರ.

ವಿಭೂತಿ ಆಗುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಾಟಿ ಹಸುವಿನ ಗೋಮಯವನ್ನು ಸಣ್ಣ ಉಂಡೆಗಳಾಗಿ ಕಟ್ಟಿ ಒಣಗಿಸಬೇಕು. ಗೂಡಿನೊಳಗೆ ಒಂದು ಪದರ ಭತ್ತದ ಹೊಟ್ಟು, ಒಂದು ಪದರ ಉಂಡೆ, ಹೀಗೆ ತುಂಬಿ, ಮೇಲೆ ಮುಚ್ಚಿ ಬೆಂಕಿಯಿಟ್ಟರೆ ಅದು ಉರಿಯದೆ ಒಳಗೊಳಗೇ ಬೇಯುತ್ತದೆ. ತಣಿದ ಮೇಲೆ ತೆಗೆದು, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕದಡಿ, ತಳಕ್ಕೆ ಕೂತ ಬಿಳಿಯ ಕೆನೆಯನ್ನು ತೆಗೆದು ಗಟ್ಟಿ ಕಟ್ಟಬೇಕು. ಹಿಂಡಿ, ಬೂಸಾ ತಿಂದ ಸೀಮೆ ಹಸುವಿನ ಸಗಣಿ ತೆಳ್ಳಗಿರುತ್ತದೆ, ಉಂಡೆ ನಿಲ್ಲುವುದಿಲ್ಲ, ಸುಟ್ಟರೂ ಬೂದಿಯೊಳಗೆ ಕಪ್ಪು ಉಳಿಯುತ್ತದೆ ಎಂಬುದು ಅಣ್ಣನ ಅನುಭವ. ಶಾಸ್ತ್ರದ ಮಾತು ಬೇರೆಯೇ ಇತ್ತು. ಆದರೆ ಅವನು ನಂಬಿದ್ದು ತನ್ನ ಕೈಯನ್ನು.

ಶಾಸ್ತ್ರದಲ್ಲಿ ಭಸ್ಮಕ್ಕೆ ನಾಲ್ಕು ದರ್ಜೆ. ನೆಲಕ್ಕೆ ಬೀಳುವ ಮುನ್ನವೇ ಹಿಡಿದ ಗೋಮಯದಿಂದ ಮಂತ್ರಪೂರ್ವಕ ಮಾಡಿದ್ದು ಕಲ್ಪ. ಹುಲ್ಲುಗಾವಲಿನಲ್ಲಿ ತಾನೇ ಒಣಗಿದ್ದನ್ನು ಆಯ್ದು ತಂದು ಮಾಡಿದ್ದು ಅನುಕಲ್ಪ. ಕಾಡ್ಗಿಚ್ಚು ಮೊದಲಾದವುಗಳಿಂದ ದೊರೆತ ಬೂದಿಯನ್ನು ಸೋಸಿ ಸಂಸ್ಕರಿಸಿದ್ದು ಉಪಕಲ್ಪ. ಇದಾವುದೂ ಅಲ್ಲದೆ ಹೇಗೋ ದೊರೆತದ್ದು ಅಕಲ್ಪ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡುವಾಗ ಇದು ಶ್ರೇಷ್ಠ ಕನಿಷ್ಠಗಳ ವಿಚಾರವೆಂದು ತಿಳಿದಿದ್ದೆ. ಪೂರ್ವಿಕರು ಅಭಾವವನ್ನೂ ಮುಂದಾಗಿಯೇ ಕಂಡಿದ್ದರು, ಒದಗಿಸುವವರು ಒದಗಿಸಲಾರದ ಕಾಲ ಬಂದೇ ಬರುತ್ತದೆಂದು ಅರಿತು ಒಂದೊಂದೇ ಮೆಟ್ಟಿಲು ಕೆಳಗಿಳಿಯಲು ಅಪ್ಪಣೆ ಕೊಟ್ಟಿದ್ದರು ಎಂಬುದು ಅಣ್ಣನನ್ನು ನೋಡುತ್ತ ನೋಡುತ್ತ ನನಗೆ ಹೊಳೆದ ಅರ್ಥ.

ಎಪ್ಪತ್ತರ ದಶಕದ ಮೊದಲಲ್ಲಿ ಅಭಾವದ ಸುಳಿವೂ ಇರಲಿಲ್ಲ. ಸುತ್ತಲ ಹಳ್ಳಿಗಳಲ್ಲಿ ನಮಗೆ ಗೋಮಯ ಕೊಡುವ ಮನೆಗಳಿದ್ದವು. ಅಣ್ಣ ಅವುಗಳನ್ನು ‘ನಮ್ಮ ಮನೆಗಳು’ ಎನ್ನುತ್ತಿದ್ದ. ಮುತ್ತುಗದ ಎಲೆ ಹಾಸಿದ ಬಿದಿರಿನ ಬುಟ್ಟಿ, ನಮ್ಮ ಕಡೆಯ ಮಂಕರಿ, ಬಾಗಿಲಿಗೆ ಬಂದರೆ, ಸ್ನಾನವಾಗದೆ ಅವನು ಅದನ್ನು ಮುಟ್ಟುತ್ತಿರಲಿಲ್ಲ. ತೂಕವಿಲ್ಲ, ಅಳತೆಯಿಲ್ಲ. ಬೆಲೆಯಂತೂ ಇಲ್ಲವೇ ಇಲ್ಲ. ಗೋಮಯಕ್ಕೆ ಬೆಲೆ ಕಟ್ಟಿದ ಕ್ಷಣಕ್ಕೆ ಅದು ಸರಕಾಗುತ್ತದೆ, ಸರಕು ಭಸ್ಮವಾಗುವುದಿಲ್ಲ ಎಂಬುದು ನಮ್ಮ ಮನೆತನದ ನಡಾವಳಿ. ಬದಲಿಗೆ ಪ್ರತಿಯೊಂದು ಗೂಡಿನ ಮೊದಲ ಗಟ್ಟಿಗಳು ಮಠಕ್ಕೂ ಮುನ್ನ ಆ ಮನೆಗಳಿಗೆ ಹೋಗುತ್ತಿದ್ದವು. ಶಿವರಾತ್ರಿಗೆ ಅತ್ತಿಗೆ ಆ ಮನೆಯ ತಾಯಿಗೆ ಉಡಿ ತುಂಬುತ್ತಿದ್ದರು. ಹಸು ಕಾಯಿಲೆ ಬಿದ್ದರೆ ಅಣ್ಣ ಔಷಧಿ ಹೊತ್ತು ಹೋಗುತ್ತಿದ್ದ. ಮಗಳಿಗೆ ಗಂಡು ನೋಡುವಾಗ ಹಿರಿಯನಾಗಿ ಕೂರುತ್ತಿದ್ದ. ತಯಾರಕರು ಸರಬರಾಜುದಾರರೊಡನೆ ಸಂಬಂಧ ಕಾಪಾಡುವುದು ಹೇಗೆಂದು ಈಗ ಕಾಲೇಜುಗಳಲ್ಲಿ ಪಾಠ ಹೇಳುತ್ತಾರಂತೆ. ಅಣ್ಣನಿಗೆ ಆ ಪದಗಳು ಗೊತ್ತಿರಲಿಲ್ಲ. ಮಂಕರಿ ಹೊತ್ತು ಬಂದವರನ್ನು ಮಜ್ಜಿಗೆ ಕುಡಿಸದೆ ಕಳಿಸಬಾರದೆಂಬುದು ಗೊತ್ತಿತ್ತು.

ಆ ಮನೆಗಳಲ್ಲಿ ಮೊದಲನೆಯದು ತರೀಕೆರೆಗೆ ಹೋಗುವ ಬಸ್ಸಿನ ದಾರಿಯ ಒಂದು ಹಳ್ಳಿಯ ಗೌಡತಿಯದು. ಎತ್ತರದ ಆಳು, ಗಟ್ಟಿ ದನಿ, ಯಾರಿಗೂ ಮಾತಿನಲ್ಲಿ ಸೋಲದ ಹೆಂಗಸು. ಅವಳ ಅತ್ತೆಯ ಕಾಲದಿಂದಲೂ ನಮಗೆ ಗೋಮಯ ಬರುತ್ತಿದ್ದುದು ಆ ಕೊಟ್ಟಿಗೆಯಿಂದ.

ತಂದೆಯವರ ಸ್ಥಾನದಲ್ಲಿ ಅಣ್ಣ ಮೊದಲ ಬಾರಿ ಮಠಕ್ಕೆ ವಿಭೂತಿ ಒಪ್ಪಿಸಿದಾಗ ನಾನೂ ಜೊತೆಯಲ್ಲಿದ್ದೆ. ಸ್ವಾಮಿಗಳು ಒಂದು ಗಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಗ ಅಣ್ಣ ಯಾರೂ ಕೇಳದೆ ತಾನಾಗಿ ಹೇಳಿದ: “ಬುದ್ಧಿ, ನಾನಿರೋ ತನಕ ಆ ಗೂಡಿಗೆ ನಾಟಿ ಹಸಿನದು ಬಿಟ್ಟು ಬೇರೆ ಬೀಳಲ್ಲ.” ಸ್ವಾಮಿಗಳು ತಲೆದೂಗಿದರು. ಅವನಿಗೆ ಮಕ್ಕಳಿರಲಿಲ್ಲ, ಹೊಲ ಇದ್ದುದು ಅಷ್ಟಕ್ಕಷ್ಟೆ. ತಾನು ಯಾರೆಂದು ಹೇಳಿಕೊಳ್ಳಲು ಅವನಿಗಿದ್ದುದು ಆ ಗೂಡು, ಆ ಮಾತು.

ಮೊದಲು ಬಂದದ್ದು ಲಾರಿಗಳು. ಮಲೆಯ ಮೇಲಿನ ಕಾಫಿ ತೋಟಗಳಿಗೆ ಗೊಬ್ಬರ ಸಾಲದೆ, ತೋಟದವರು ಬಯಲುಸೀಮೆಯ ತಿಪ್ಪೆಗಳನ್ನು ಕೊಳ್ಳಲು ಹಳ್ಳಿ ಹಳ್ಳಿಗೆ ಲಾರಿ ಕಳಿಸಿದರು. ತಿಪ್ಪೆಗೂ ಗಿರಾಕಿಯುಂಟೆಂದು ನಮ್ಮ ಕಡೆಯವರಿಗೆ ತಿಳಿದದ್ದು ಆಗಲೇ. ಅದರ ಹಿಂದೆಯೇ ಸಗಣಿಯಿಂದ ಒಲೆ ಉರಿಸುವ ಗೋಬರ್ ಗ್ಯಾಸಿನ ಗುಂಡಿಗಳು ಬಂದವು. ಇನ್ನು ಹೊಟ್ಟನ್ನು ಕೊಡುತ್ತಿದ್ದ ತರೀಕೆರೆಯ ಅಕ್ಕಿ ಗಿರಣಿಯ ಯಜಮಾನ, ಲಕ್ಕವಳ್ಳಿ ಕಡೆಯ ಭತ್ತದ ಸುಗ್ಗಿಯಲ್ಲೂ ಹೊಟ್ಟಿಲ್ಲವೆನ್ನತೊಡಗಿದ.

“ಅಯ್ನೋರೆ, ಇಟ್ಟಿಗೆ ಗೂಡಿನೋರು ಲಾರಿ ತಂದು ನಿಲ್ಲಿಸ್ತಾರೆ, ನೀವು ಮಂತ್ರ ತಂದು ನಿಲ್ಲಿಸ್ತೀರಿ. ನಾನು ಯಾವ್ದಕ್ಕೆ ತುಂಬ್ಲಿ ಹೇಳಿ?” ಎಂದು ಅವನು ನಕ್ಕ.

“ಲಾರಿಗೇ ತುಂಬು. ಚೆಲ್ಲಿದ್ದು ನನಗೆ ಕೊಡು” ಎಂದ ಅಣ್ಣ.

ಗಿರಣಿಯವನು ನಾಚಿಕೊಂಡು ಗಾಡಿ ತುಂಬ ಹೊಟ್ಟು ಹಾಕಿಸಿದ. ಆ ಕಾಲದಲ್ಲಿ ಇನ್ನೂ ಅಂಥ ಮಾತುಗಳಿಗೆ ಬೆಲೆಯಿತ್ತು. ಆದರೆ ಹೊಟ್ಟಿನ ವಿಷಯದಲ್ಲಿ ಅಣ್ಣನಿಗೆ ಚಿಂತೆ ಇರಲಿಲ್ಲ; ಹೊಟ್ಟನ್ನು ಕೊಳ್ಳಬಹುದು, ಅದಕ್ಕೆ ಬೆಲೆ ಕಟ್ಟುವುದರಲ್ಲಿ ದೋಷವಿಲ್ಲ. ಚಿಂತೆ ಇದ್ದುದು ಕೊಳ್ಳಬಾರದ್ದರ ವಿಷಯದಲ್ಲಿ.

ಒಂದು ಭಾನುವಾರ ಅತ್ತಿಗೆ ನನ್ನ ಮುಂದೆಯೇ ಮಾತು ತೆಗೆದರು. “ಎಲ್ಲಾರೂ ಕೊಟ್ಟು ತಗೊಳ್ತಾರೆ. ನೀವೂ ಒಂದು ಮಂಕರಿಗೆ ಇಷ್ಟು ಅಂತ ಹೇಳ್ಬಿಡಿ. ಲಾರಿಯೋರು ಕೊಡೋದಕ್ಕಿಂತ ಒಂದಿಷ್ಟು ಜಾಸ್ತಿನೇ ಹೇಳಿ. ಅದರಲ್ಲೇನು ಮೈಲಿಗೆ?”

“ಇವತ್ತು ನಾನು ಜಾಸ್ತಿ ಹೇಳ್ತೀನಿ, ನಾಳೆ ಅವರು ಜಾಸ್ತಿ ಹೇಳ್ತಾರೆ. ಆಮೇಲೆ ಗೌಡತಿ ನಮ್ಮ ಬಾಗ್ಲಿಗೆ ಬಂದಾಗ ನಾನು ಮಂಕರಿ ನೋಡ್ಲೋ, ಅವಳ ಮುಖ ನೋಡ್ಲೋ?”

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಎದ್ದು ಚಪ್ಪರದ ಗಟ್ಟಿಗಳನ್ನು ತಿರುಗಿಸಿಡಲು ಹೋದೆ.

ಕೆಲವು ಮನೆಗಳು ನಿಂತವು. ಯಾರೂ ಜಗಳವಾಡಲಿಲ್ಲ, ಯಾರೂ ಇಲ್ಲವೆನ್ನಲಿಲ್ಲ. “ಬತ್ತೀವಿ ಅಯ್ನೋರೆ, ಈ ಅಮಾಸೆ ಕಳೀಲಿ” ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಅಣ್ಣ ಕಾವಲಿನಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ತಾನೇ ಒಣಗಿದ್ದನ್ನು ಆರಿಸಲು ಹೊರಟ. ನಾನು ಅವನ ಜೊತೆ ಗೋಣಿಚೀಲ ಹಿಡಿದು ಕಾವಲಿನ ಹುಲ್ಲಿನಲ್ಲಿ ನಡೆದಿದ್ದೇನೆ. ಕಲ್ಪದಿಂದ ಅನುಕಲ್ಪಕ್ಕೆ ಮೊದಲನೆಯ ಮೆಟ್ಟಿಲು ಇಳಿದಾಯಿತೆಂದು ಇಬ್ಬರಿಗೂ ಗೊತ್ತಿತ್ತು. ಬಿಸಿಲಿಗೆ ಹದವಾಗಿ ಒಣಗಿದ ಆ ಬೆರಣಿಗಳು ಚೆನ್ನಾಗಿಯೇ ಬೆಂದವು. ಆದರೆ ಮರು ವರ್ಷ ಅಲ್ಲಿಗೂ ಚೀಲ ಹಿಡಿದವರು ಬಂದಿದ್ದರು, ಅವರ ಹಿಂದೆ ಲಾರಿಯೂ.

ಆಗ ಅಣ್ಣನಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಸೀಮೆಯಲ್ಲಿ ಹಸುವನ್ನು ಪಾಲಿಗೆ ಬಿಡುವ ಪದ್ಧತಿಯಿದೆ. ಒಬ್ಬರ ಕಡಸನ್ನು ಇನ್ನೊಬ್ಬರು ಸಾಕುತ್ತಾರೆ. ಹಾಲು ಸಾಕಿದವರಿಗೆ, ಮೊದಲ ಕರು ಸಾಕಿದವರಿಗೆ, ಎರಡನೆಯದು ಕೊಟ್ಟವರಿಗೆ. ಅಣ್ಣ ಇದ್ದ ಹೊಲದಲ್ಲಿ ಒಂದು ತುಂಡನ್ನು ಮಾರಿ, ಅಮೃತಮಹಲ್ ತಳಿಯ ಕಡಸುಗಳನ್ನು ತಂದು, ನಮ್ಮ ಮನೆಗಳಿಗೆ ಪಾಲಿಗೆ ಬಿಟ್ಟ. ಕರಾರು ಒಂದೇ: ಗೋಮಯ ನಮ್ಮ ಗೂಡಿಗೆ. ಬೆಲೆಯ ಮಾತಿಲ್ಲ, ಮಾರಾಟವಿಲ್ಲ. ಶಾಸ್ತ್ರಕ್ಕೂ ಭಂಗವಿಲ್ಲ, ಸಂಬಂಧಕ್ಕೂ ಭಂಗವಿಲ್ಲ. ಗೌಡತಿಯ ಮನೆಗೆ ಬೂದುಬಣ್ಣದ, ನೀಳ ಕೊಂಬಿನ ಒಂದು ಕಡಸು ಹೋಯಿತು. ಅರಿಶಿನ ಕುಂಕುಮ ಹಚ್ಚಿ ಅದನ್ನು ಒಳಗೆ ಕರೆದುಕೊಂಡ ಅವಳು, “ಸೊಸೆ ಬಂದಂಗಾಯ್ತು ಕಣ್ರೀ ಅಯ್ನೋರೆ. ಇದಾದ್ರೂ ನನ್ ಮಾತ್ ಕೇಳ್ತದೋ ನೋಡ್ಬೇಕು” ಎಂದು, ಒಳಗಿದ್ದ ಸೊಸೆಗೆ ಕೇಳುವಂತೆ ಹೇಳಿದಳು.

ಮಂಕರಿಗಳು ಮತ್ತೆ ಬರತೊಡಗಿದವು. ಮುಂದಿನ ಎರಡು ವರ್ಷ ಇದ್ದಷ್ಟು ಹಗುರವಾಗಿ ಅಣ್ಣನನ್ನು ನಾನು ಎಂದೂ ನೋಡಿಲ್ಲ. ಗೂಡಿನ ಬಳಿ ನಿಂತು ಮಂತ್ರ ಹೇಳುವಾಗ ಅವನ ಸ್ವರ ತಂದೆಯವರದನ್ನೇ ಹೋಲುತ್ತಿತ್ತು.

ಆದರೆ ಅವನು ಮರೆತದ್ದೊಂದಿತ್ತು. ಕಡಸು ಹಸುವಾಗಿ ಕರು ಹಾಕಬೇಕಾದರೆ ಊರಿನಲ್ಲಿ ಬಸವ ಇರಬೇಕು. ಹಿಂದೆ ಪ್ರತಿ ಊರಿನ ಈಶ್ವರನ ಗುಡಿಗೂ ಹರಕೆಯ ಬಸವ ಇರುತ್ತಿದ್ದ. ಯಾರದ್ದೂ ಅಲ್ಲದ, ಎಲ್ಲರ ಹೊಲವೂ ತನ್ನದೇ ಆದ ಬಸವ. ಆ ಬಸವಗಳು ಒಂದೊಂದಾಗಿ ಮುದಿಯಾಗಿ ಸತ್ತಿದ್ದವು; ಹೊಸದನ್ನು ಬಿಡುವ ಹರಕೆ ಯಾರೂ ಹೊತ್ತಿರಲಿಲ್ಲ. ಅಣ್ಣನಿಗೆ ಇದು ತಿಳಿದ ಕೂಡಲೇ ಒಂದು ಒಳ್ಳೆಯ ಹೋರಿಯನ್ನು ತಂದ. ಆದರೆ ಹೋರಿಯನ್ನು ಪಾಲಿಗೆ ಬಿಡುವುದು ನಮ್ಮಲ್ಲಿಲ್ಲ. ಬಸವನನ್ನು ದೇವರಿಗೇ ಬಿಡಬೇಕು. ಬಿಟ್ಟ ಮೇಲೆ ಅವನಿಗೆ ಮೂಗುದಾರವಿಲ್ಲ, ಹಗ್ಗವಿಲ್ಲ, ಒಡೆಯನಿಲ್ಲ. ಬೇರೆ ಯಾವ ವ್ಯಾಪಾರಿಯಾಗಿದ್ದರೂ ಒಂದು ಗೂಟ ಹೊಡೆದು ಕಟ್ಟಿಹಾಕುತ್ತಿದ್ದ. ಅಣ್ಣ ತೊಡೆಯ ಮೇಲೆ ಲಿಂಗಮುದ್ರೆ ಹಾಕಿಸಿ, ಪೂಜೆ ಮಾಡಿಸಿ, ಗೌಡತಿಯ ಊರಿನ ಗುಡಿಯ ಮುಂದೆ ಹಗ್ಗ ಬಿಚ್ಚಿ ಕೈ ಮುಗಿದ.

ಬಸವ ಕೆಲಕಾಲ ಅಲ್ಲಿದ್ದ. ಆದರೆ ಕಾಲ ಹಿಂದಿನಂತಿರಲಿಲ್ಲ. ಪಂಪ್‌ಸೆಟ್ಟು ಬಂದ ಹೊಲಗಳಿಗೆ ಬೇಲಿ ಬಂದಿತ್ತು. ತರಕಾರಿ ಹಾಕಿದವರು ದೇವರೆಂದು ನೋಡದೆ ಕೋಲು ಬೀಸಿದರು. ಅವನು ದೇವನೂರಿನ ಕಡೆ ಹೋದನೆಂದು ಒಮ್ಮೆ ಕೇಳಿದೆವು. ಆಮೇಲೆ ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಕಡೂರಿನ ಸಂತೆ ಬೀದಿಯಲ್ಲಿ ನನಗೇ ಸಿಕ್ಕ. ಸೊಪ್ಪು ಮಾರುವವಳ ಪಕ್ಕದಲ್ಲಿ ಕಾಲು ಮಡಚಿ ಮಲಗಿದ್ದ. ನಾನು ನಿಂತು ತೊಡೆಯ ಮುದ್ರೆ ನೋಡುತ್ತಿರುವುದನ್ನು ಕಂಡು ಅವಳು ಕೇಳಿದಳು.

“ಏನ್ ಮೇಷ್ಟ್ರೇ, ಹಳೇ ಪರಿಚಯನಾ?”

“ನಮ್ಮಣ್ಣ ಬಿಟ್ಟ ಬಸವ ಕಣಮ್ಮ ಇವನು.”

“ಅಯ್ಯೋ ಶಿವನೇ! ಹಂಗಾರೆ ಕೇಳಿ. ಇವ್ನು ದಂಟಿನ ಸೊಪ್ಪು ಬಿಟ್ಟು ಬೇರೆ ಮೂಸಾದಿಲ್ಲ. ಮಾವನ ಮನೇಲಿ ಅಳಿಯ ಕೂತಂಗೆ ಕೂತವ್ನೆ. ನಿಮ್ಮದಾದ್ರೆ ಕರ್ಕಂಡು ಹೋಗ್ಬಾರದಾ?”

“ನಮ್ಮದಲ್ಲ, ದೇವರದು.”

“ಹಂಗಾರೆ ಸೊಪ್ಪಿನ ಲೆಕ್ಕ ದೇವ್ರಿಗೇ ಒಪ್ಪಿಸ್ತೀನಿ ಬಿಡಿ.”

ಈ ವಿಷಯ ತಿಳಿದ ಅಣ್ಣ ಕಡೂರಿಗೆ ಬಂದ. ಹಗ್ಗ ಹಾಕಿ ಕರೆದೊಯ್ಯೋಣವೆಂದು ನಾನು ಅಂದರೆ ಕೇಳಲಿಲ್ಲ. “ಹಗ್ಗ ಹಾಕಿದ್ರೆ ಅವನು ದೇವರ ಬಸವ ಆಗಲ್ಲ ಕಣೋ, ನನ್ನ ಎತ್ತು ಆಗ್ತಾನೆ” ಎಂದ. ಬುಟ್ಟಿಯಲ್ಲಿ ಬೆಲ್ಲ, ಅಕ್ಕಿ ತೌಡು ಕಲಸಿಕೊಂಡು, ಬಸವನ ಮುಂದೆ ಹಿಂದು ಹಿಂದಾಗಿ ನಡೆಯುತ್ತ, “ಬಾರಪ್ಪಾ, ಬಾ ತಂದೆ” ಎಂದು ಕರೆಯುತ್ತ ಬೀರೂರಿನ ರಸ್ತೆ ಹಿಡಿದ. ನಾನು ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ನಡೆದೆ. ನನ್ನ ಶಿಷ್ಯರು ದಾರಿಬದಿಯಲ್ಲಿ ನಿಂತು ನೋಡಿದರು. ಊರು ಮುಗಿಯುವವರೆಗೆ ಬಸವ ಬಂದ. ಬುಟ್ಟಿ ಬರಿದಾಯಿತು. ಅವನು ಒಮ್ಮೆ ಅಣ್ಣನನ್ನು, ಒಮ್ಮೆ ಬುಟ್ಟಿಯನ್ನು ನೋಡಿ, ತಿರುಗಿ, ನಿಧಾನವಾಗಿ ಸಂತೆ ಬೀದಿಯ ಕಡೆಗೆ ಹೊರಟುಹೋದ. ಅಣ್ಣ ಅವನ ಬೆನ್ನಿಗೆ ಕೈ ಮುಗಿದ. ಬರಿದಾದ ಬುಟ್ಟಿಯನ್ನು ನಾನು ಎತ್ತಿಕೊಂಡೆ.

ಅಷ್ಟರಲ್ಲಿ ಹಳ್ಳಿಗಳಿಗೆ ಹಾಲಿನ ಸೊಸೈಟಿ ಬಂದಿತ್ತು. ಗೌಡತಿಯ ಮಗನೇ ತಮ್ಮೂರಿನ ಸೊಸೈಟಿಯ ಕಾರ್ಯದರ್ಶಿಯಾದ. ಪಶುವೈದ್ಯರು ಮೋಟರ್ ಸೈಕಲ್ಲಿನಲ್ಲಿ ಬಂದು ಹಸುಗಳಿಗೆ ಗಬ್ಬವಾಗಲು ಸೀಮೆ ತಳಿಯ ಇಂಜೆಕ್ಷನ್ನು ಕೊಟ್ಟು ಹೋಗುತ್ತಿದ್ದರು. ನಮ್ಮ ಪಾಲಿನ ಹಸು ಕರು ಹಾಕಿದೆಯೆಂಬ ಸುದ್ದಿ ಬಂದಾಗ, ಅಣ್ಣ ಕೊಬ್ಬರಿ ಬೆಲ್ಲ ಕಟ್ಟಿಕೊಂಡು ಹೊರಟ. ಭಾನುವಾರವಾದ್ದರಿಂದ ನಾನೂ ಹೋದೆ.

ಕೊಟ್ಟಿಗೆಯಲ್ಲಿ ತಾಯಿಯ ಪಕ್ಕ ಕೆಂಪು ಮಚ್ಚೆಗಳ ಹೆಣ್ಣು ಕರು ನಿಂತಿತ್ತು. ಅಣ್ಣ ಬಗ್ಗಿ ಅದರ ಬೆನ್ನ ಮೇಲೆ ಕೈಯಾಡಿಸಿದ. ನಾಟಿ ಹಸುವಿಗೆ ಹೆಗಲ ಮೇಲೆ ಉಬ್ಬುವ ಹಿಣಿಲು ಇರಬೇಕಾದ ಕಡೆ ಅವನ ಕೈ ನಿಂತಿತು. ಅಲ್ಲಿ ಬೆನ್ನು ಹಲಗೆಯಂತೆ ಚಪ್ಪಟೆಯಾಗಿತ್ತು. ಅವನು ಕೈ ತೆಗೆಯಲಿಲ್ಲ.

ಗೌಡತಿಗೆ ಅರ್ಥವಾಯಿತು. “ನೋಡಿ ಅಯ್ನೋರೆ, ನಮ್ಮನ್ನ ಬೈಬ್ಯಾಡಿ. ಬೆದೆಗೆ ಬಂದು ಹಸಾ ಕೂಗಿ ಕೂಗಿ ಗಂಟ್ಲು ಕಟ್ಕಂತು. ನಿಮ್ ಬಸ್ವ ಎಲ್ಲವ್ನೆ ಅಂತ ಊರೂರು ಕೇಳ್ಸಿದ್ವಿ. ಕಡೂರಲ್ಲಿ ಸೊಪ್ಪು ತಿಂತವ್ನೆ ಅಂದ್ರು. ನಾವೇನ್ ಅವನ್ನ ಟಿಕೀಟ್ ತಗ್ದು ಬಸ್ಸಲ್ಲಿ ಕರ್ಕಂಬರದಾ?”

ಮಗ ಮೆಲ್ಲಗೆ ಸೇರಿಸಿದ: “ಡಾಕ್ಟ್ರು ಅದೇ ದಿನ ಸೊಸೈಟಿಗೆ ಬಂದಿದ್ರು. ನಾನೇ ಕರ್ಕಂಬಂದೆ. ಕಾರ್ಯದರ್ಶಿ ಮನೆ ಹಸಿಗೇ ಮಾಡಿಸ್ದಿದ್ರೆ ಬೇರೆಯೋರಿಗೆ ಹೆಂಗ್ ಹೇಳ್ಲಿ ಅಯ್ನೋರೆ?”

ಗೌಡತಿಯ ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆಯ ಮುಂದೆ ಎಂದೂ ಬಾಯಿ ಬಿಡದ ಆ ಹೆಣ್ಣು ಅಂದು ಮಾತಾಡಿದಳು. “ಈ ಕರು ದೊಡ್ಡದಾಗಿ ಹಾಲು ಕೊಟ್ರೆ ಡೈರಿ ದುಡ್ಡು ನನ್ ಕೈಗೆ ಬತ್ತದೆ ಅಯ್ನೋರೆ. ಮಗೀನ ಹೈಸ್ಕೂಲಿಗೆ ಕಳಿಸ್ಬೇಕು ಅಂತಿದೀನಿ. ಕಡೂರಲ್ಲಿ ಹಾಸ್ಟೆಲ್ಲಿಗೆ ಸೇರಿಸಿದ್ರೆ ಅದು ಈ ಮೇಷ್ಟ್ರ ಶಾಲೆಗೇ ಬತ್ತದೆ.” ಹೀಗೆಂದು ನನ್ನ ಕಡೆ ತೋರಿಸಿದಳು.

ಪಾಲಿನ ಪ್ರಕಾರ ಮೊದಲ ಕರು ಅವರದು. ಅದರ ತಂದೆ ಯಾರೆಂದು ಕೇಳುವ ಹಕ್ಕು ನಮಗಿರಲಿಲ್ಲ. ಹಕ್ಕಿದ್ದರೂ ಆ ಹೆಣ್ಣುಮಗಳ ಮುಂದೆ ಅದನ್ನು ಆಡುವ ನಾಲಿಗೆ ಯಾರಿಗಿತ್ತು? ಅಣ್ಣ ಕೊಬ್ಬರಿ ಬೆಲ್ಲವನ್ನು ಸೊಸೆಯ ಉಡಿಗೆ ಹಾಕಿ, “ಒಳ್ಳೇದಾಗ್ಲಿ ತಾಯಿ, ಮಗೀನ ಓದಿಸು” ಎಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದ. ಬೇರೆ ಮನೆಗಳ ಪಾಲಿನ ಹಸುಗಳೂ ಹಾಗೆಯೇ ಕರು ಹಾಕುತ್ತ ಬಂದವು. ಅವನು ಹೊಲ ಮಾರಿ ತಂದ ಹಸುಗಳೇ ಅವನಿಗೆ ಬೇಡವಾದ ಹಿಂಡಿನ ತಾಯಂದಿರಾದವು.

ಎಂಬತ್ತರ ದಶಕದ ನಡುವಿನ ಒಂದು ಶಿವರಾತ್ರಿಗೆ ಮೊದಲು ಅಣ್ಣ ನನ್ನನ್ನು ಕರೆದುಕೊಂಡು ಮಠಕ್ಕೆ ಹೋದ. ಸ್ವಾಮಿಗಳಿಗೆ ಆಗ ವಯಸ್ಸಾಗಿತ್ತು. ಅಣ್ಣ ನಮಸ್ಕರಿಸಿ ಹೇಳಿದ.

“ಬುದ್ಧಿ, ಈ ಸಲ ಮಠಕ್ಕೆ ಬೇಕಾದಷ್ಟು ನನ್ನ ಕೈಲಿ ಆಗಲ್ಲ. ಗೂಡು ಅರ್ಧವೂ ತುಂಬಲಿಲ್ಲ.”

“ಆದಷ್ಟು ಕೊಡಿ. ಪೂಜೆಗೆ ಸಾಕು” ಎಂದರು ಅವರು ಶಾಂತವಾಗಿ. “ಭಕ್ತರಿಗೆ ಹಂಚೋದಕ್ಕೆ ಈಗ ಕೆಲವು ವರ್ಷದಿಂದ ಹೊರಗಿನಿಂದ ಮೂಟೆ ತರಿಸ್ತಾ ಇದ್ದೀವಿ. ನಿಮಗೆ ನೋವಾದೀತು ಅಂತ ಹೇಳಿರಲಿಲ್ಲ.”

“ಅದು ಸುಣ್ಣದ ಕಲ್ಲಿನ ಪುಡಿ, ಬುದ್ಧಿ.”

“ಗೊತ್ತಪ್ಪ. ಬೆಳ್ಳಗಿರುತ್ತೆ, ಹಣೇಲಿ ನಿಲ್ಲುತ್ತೆ, ಕೇಳಿದ ದಿನ ಬರುತ್ತೆ. ನಿಮ್ಮ ಗೂಡು ಕೇಳಿದ ದಿನ ಕೊಡಲ್ಲ. ಜಾತ್ರೆಗೆ ಬಂದೋರನ್ನ ಬರಿ ಹಣೇಲಿ ಕಳಿಸಲಾ ಹೇಳಿ.” ಮತ್ತೆ ಹೇಳಿದರು: “ಹೋಗುವಾಗ ನಮ್ಮ ಕೊಟ್ಟಿಗೇನೂ ನೋಡ್ಕೊಂಡು ಹೋಗಿ. ಹಾಸ್ಟೆಲ್ಲಿನ ಮಕ್ಕಳಿಗೆ ಮಜ್ಜಿಗೆ ಸಾಲದು ಅಂತ ಅಲ್ಲೂ ಸೀಮೆ ಹಸುವೇ. ನಾನೇ ಹೂಂ ಅಂದೆ.”

ಅಣ್ಣ ತಲೆ ತಗ್ಗಿಸಿ ಕುಳಿತ. ಸ್ವಾಮಿಗಳು ನನ್ನ ಕಡೆ ತಿರುಗಿದರು. “ಪಂಡಿತರೇ, ನೀವು ಈ ಮಠದಲ್ಲೇ ಓದಿದವರು. ಶಾಸ್ತ್ರ ಏನು ಹೇಳುತ್ತೆ, ನಿಮ್ಮಣ್ಣನಿಗೆ ಹೇಳಿ.”

ನಾನು ನಾಲ್ಕು ದರ್ಜೆಗಳ ಆ ವಚನವನ್ನು ಹೇಳಿ, ಮೇಲಿನದು ದೊರೆಯದಿದ್ದಾಗ ಕೆಳಗಿನದಕ್ಕೆ ಅಪ್ಪಣೆಯುಂಟು, ದೊರೆತದ್ದರಿಂದ ಮಾಡಿದರೂ ಭಸ್ಮ ಭಸ್ಮವೇ ಎಂದು ವಿವರಿಸಿದೆ. ಹೇಳುವಾಗ ನನ್ನ ದನಿ ನನಗೇ ತರಗತಿಯ ಪಾಠದಂತೆ ಕೇಳಿಸಿತು.

“ಶಾಸ್ತ್ರ ಒಪ್ಪುತ್ತೆ ಬುದ್ಧಿ. ನನ್ನ ಕೈ ಒಪ್ಪಲ್ಲ” ಎಂದ ಅಣ್ಣ.

ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು. ಮೂವರಲ್ಲಿ ಯಾರೂ ತಪ್ಪು ಆಡಿರಲಿಲ್ಲ. ಯಾರ ಮಾತಿನಿಂದಲೂ ಏನೂ ಆಗುವ ಹಾಗಿರಲಿಲ್ಲ.

ಮರು ವರ್ಷದ ಚಳಿಗಾಲ. ಉಳಿದ ಮನೆಗಳೆಲ್ಲ ನಿಂತು, ಮಂಕರಿ ಬರುತ್ತಿದ್ದುದು ಗೌಡತಿಯದು ಒಂದೇ. ಅವಳ ಕೊಟ್ಟಿಗೆಯಲ್ಲಿ ನಮ್ಮ ಪಾಲಿನ ಮೂಲದ ಹಸು ಇನ್ನೂ ಇತ್ತು. ಅದರದ್ದನ್ನು ಬೇರೆಯಾಗಿ ತೆಗೆದಿಟ್ಟು ತರುತ್ತಿದ್ದಳು. ಅಷ್ಟರಿಂದ ಗೂಡು ತುಂಬದಿದ್ದರೂ ಅಣ್ಣ ಅದನ್ನು ಒಣಗಿಸಿ ಕೂಡಿಡುತ್ತಿದ್ದ. ಇನ್ನೊಂದಿಷ್ಟಾದರೆ ಹಚ್ಚಬಹುದೆಂದು ಕಾಯುತ್ತಿದ್ದ. ಆ ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿದ್ದೆ. ಗೌಡತಿ ಬಸ್ಸಿಳಿದು ಬಂದಳು. ವಯಸ್ಸು ಅವಳನ್ನೂ ಬಗ್ಗಿಸಿತ್ತು.

“ಕಂಡಕ್ಟ್ರು ಮಂಕರಿನ ಟಾಪ್ ಮೇಲಿಕ್ಕಜ್ಜೀ ಅಂದ. ನಿನ್ನೇ ಇಕ್ತೀನಿ ಕಣೋ ಟಾಪ್ ಮೇಲೆ ಅಂದು ತೊಡೆ ಮೇಲಿಕ್ಕಂಡು ಬಂದೆ” ಎಂದು ಕುಳಿತಳು. ಅಣ್ಣ ಸ್ನಾನ ಮುಗಿಸಿ ಬಂದ. ಅವನು ಕೈ ಚಾಚುವ ಮುನ್ನವೇ ಅವಳು ಮಂಕರಿಯ ಮೇಲೆ ಕೈಯಿಟ್ಟಳು.

“ತಡೀರಿ ಅಯ್ನೋರೆ. ಹಳೇ ಹಸಾ ಮೊನ್ನೆ ಹೋಯ್ತು. ಹಿತ್ಲಲ್ಲೇ ಮಣ್ ಮಾಡಿದ್ವಿ. ಇದು ಅದರ ಮಗಳ್ದು. ಸುಳ್ಳು ಹೇಳಿ ಕೊಡಕ್ಕೆ ಬಾಯಿ ಬರ್ಲಿಲ್ಲ, ಬರಿಗೈಲಿ ಬರಕ್ಕೆ ಕಾಲು ಬರ್ಲಿಲ್ಲ. ಬೇಕಾದ್ರೆ ತಗಳಿ. ಬ್ಯಾಡಾಂದ್ರೆ ನಿಮ್ ತಿಪ್ಪೆಗಾಕಿ ಹೋಯ್ತೀನಿ.”

ಅತ್ತಿಗೆ ಮಜ್ಜಿಗೆಯ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಅಣ್ಣನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ತೆಗೆದುಕೊಂಡರೆ ಮಠದಲ್ಲಿ ತಾನಾಗಿ ಆಡಿದ ಮಾತು ಹೋಗುತ್ತದೆ. ಬೇಡವೆಂದರೆ, ಅತ್ತೆಯ ಕಾಲದಿಂದ ಬಂದ ಮನೆಯೊಂದನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸಿದ ಹಾಗಾಗುತ್ತದೆ. ಅದೂ ನಿಜ ಹೇಳಿದ್ದಕ್ಕೆ.

“ತಿಪ್ಪೆಗ್ಯಾಕೆ ತಾಯಿ, ಕೊಡಿ” ಎಂದ ಅಣ್ಣ. ಎರಡೂ ಕೈಯಲ್ಲಿ ಮಂಕರಿಯನ್ನು ತೆಗೆದುಕೊಂಡು ಹಿತ್ತಲಿಗೆ ಹೋದ. ಗೌಡತಿ ಮಜ್ಜಿಗೆ ಕುಡಿದು, ಸೊಸೆಯನ್ನು ಬೈದು, ಮೊಮ್ಮಗಳು ಅರ್ಧವಾರ್ಷಿಕ ಪರೀಕ್ಷೆ ಪಾಸಾದ ಸುದ್ದಿಯನ್ನು ಅತ್ತಿಗೆಗೆ ಹೇಳಿ, ಅತ್ತಿಗೆ ಕೊಟ್ಟ ವಿಭೂತಿ ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ನಾನು ಹಿತ್ತಲಿಗೆ ಹೋದಾಗ ಅಣ್ಣ ಆ ಗೋಮಯವನ್ನು ಬಿಲ್ವದ ಮರದ ಬುಡಕ್ಕೆ ಹಾಕಿ ಮಣ್ಣು ಎಳೆಯುತ್ತಿದ್ದ. ಒಣಗಿಸಿಟ್ಟಿದ್ದ ಉಂಡೆಗಳನ್ನೂ ಚೀಲದಿಂದ ತೆಗೆದು ಅಲ್ಲೇ ಸುರಿದ.

“ಅವು ನಾಟಿಯವೇ ತಾನೆ?” ಎಂದೆ.

“ಇಷ್ಟರಲ್ಲಿ ಗೂಡು ಹತ್ತಲ್ಲ ಕಣೋ. ಇನ್ನು ಕೂಡಿಡೋದು ಯಾಕೆ?” ಎಂದ. ಮತ್ತೆ ಹೇಳಿದ, “ಅವಳಿಗೆ ಗೂಡು ನಿಂತಿದೆ ಅಂತ ಹೇಳ್ಬೇಡ. ತರೋದು ನಿಲ್ಲಿಸಿಬಿಡ್ತಾಳೆ.”

ಹೀಗೆ ಅಣ್ಣ ತನ್ನ ಮಾತನ್ನು ಉಳಿಸಿಕೊಂಡ, ಅವಳನ್ನೂ ಉಳಿಸಿಕೊಂಡ, ಹೋದದ್ದು ಗೂಡು. ಗೌಡತಿ ಬದುಕಿರುವವರೆಗೂ ಮಂಕರಿ ತಂದಳು. ಅಣ್ಣ ಪ್ರತಿ ಸಲವೂ ಸ್ನಾನ ಮಾಡಿ ಅದನ್ನು ತೆಗೆದುಕೊಂಡ, ಹಳೆಯ ದಾಸ್ತಾನಿನಿಂದ ಗಟ್ಟಿ ಕೊಟ್ಟ. ಅವಳಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಹಿತ್ತಲಿನಿಂದ ಹೊಗೆ ಬಾರದ್ದನ್ನು ಗಮನಿಸದಷ್ಟು ಮುಗ್ಧೆಯೇನೂ ಅವಳಲ್ಲ. ಮಳೆಗೆ ಗೂಡಿನ ಒಂದು ಪಕ್ಕ ಕುಸಿಯಿತು. ಅತ್ತಿಗೆ ಬರಿದಾದ ತೊಟ್ಟಿಗಳಲ್ಲಿ ಮಣ್ಣು ತುಂಬಿ ಕೊತ್ತಂಬರಿ ಬಿತ್ತಿದರು.

ಒಂದು ಭಾನುವಾರ ಸಂಜೆ ನಾನು ಹೊರಡುವಾಗ ಅಣ್ಣ ನಿಲ್ದಾಣದವರೆಗೂ ಬಂದ. ಗಾಡಿ ಬರುವುದು ಕಾಣಿಸಿದಾಗ, ಬೇರೆಡೆ ನೋಡುತ್ತ ಹೇಳಿದ: “ಮುಂದಿನ ವಾರ ಬರುವಾಗ ಕಡೂರಿನ ಅಂಗಡೀಲಿ ಒಂದು ಕಟ್ಟು ವಿಭೂತಿ ತಗೊಂಡು ಬಾ. ಮನೇಲಿದ್ದದ್ದು ಮುಗೀತು.” ಆಗಲಿ ಎಂದೆ. ಗಾಡಿ ಬಂತು, ಹತ್ತಿದೆ.

ತಂದು ಕೊಟ್ಟೆ. ಅವನು ಅದನ್ನು ಎಲ್ಲ ದಿನಗಳಂತೆಯೇ ಮೂರು ಬೆರಳಿನಲ್ಲಿ ಹಣೆಗೆ ಧರಿಸಿ ಪೂಜೆಗೆ ಕುಳಿತ.

ಬೊಗಸೆಯೊಡ್ಡಿದ ತಾಯಂದಿರ ಕೈ ಎಂದೂ ಬರಿದಾಗದಿರಲಿ. ಹಾಲು ಕರೆದು ಮಗಳನ್ನು ಓದಿಸಿದ ಆ ಸೊಸೆಗೂ, ಆ ಮಗಳಿಗೂ, ಊರಿನ ಒಳಿತನ್ನೇ ಬಯಸಿದ ಕಾರ್ಯದರ್ಶಿಗೂ, ಬಿಸಿಲು ಮಳೆಯೆನ್ನದೆ ಹಳ್ಳಿ ತಿರುಗಿದ ವೈದ್ಯರಿಗೂ ಶಿವನು ಆಯುಷ್ಯ ಆರೋಗ್ಯಗಳನ್ನು ಕೊಡಲಿ. ಹೊಟ್ಟು ಕೊಟ್ಟ ಗಿರಣಿಯವರು, ಗೊಬ್ಬರ ಹೊತ್ತ ಲಾರಿಯವರು, ಬಸವನಿಗೆ ಸೊಪ್ಪು ಹಾಕಿದ ಆ ತಾಯಿ, ಎಲ್ಲರ ಮನೆಯೂ ತುಂಬಿರಲಿ. ನಾಟಿಯೋ ಸೀಮೆಯೋ ಎನ್ನದೆ ಎಲ್ಲ ಹಸುಗಳಿಗೂ ಹುಲ್ಲು ನೀರು ಸಿಗಲಿ. ಲಿಂಗೈಕ್ಯರಾದ ಸ್ವಾಮಿಗಳಿಗೂ, ಗೌಡತಿಗೂ, ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಲಾರದೆ ಹೋದ ನನ್ನ ಅಣ್ಣನಿಗೂ ಶಿವಸಾನ್ನಿಧ್ಯದಲ್ಲಿ ನೆರಳು ದೊರೆಯಲಿ.